ಡುಕ್ಕರ್ ಫಿಯಾಟಿಗೊಂದು ಹಿಡಿಕೆ

ನಮ್ಮ ಮನೆಯ ಫಿಯಾಟ್ 1100 ಕಾರು 1956ರದ್ದು. ಅಜ್ಜ ಕೊಂಡಿದ್ದು. ಇಪ್ಪತ್ತು ವರ್ಷದಿಂದ ಟಿಳಕವಾಡಿಯ ಮನೆ ಹಿತ್ತಲಲ್ಲಿ, ತಗಡಿನ ಶೆಡ್ಡಿನಲ್ಲಿ ನಿಂತೇ ಇತ್ತು. ಬೆಳಗಾವಿಯಲ್ಲಿ ಹಳಬರು ಇದಕ್ಕೆ ಡುಕ್ಕರ್ ಫಿಯಾಟ್ ಅಂತಾರೆ. ಮರಾಠಿಯಲ್ಲಿ ಡುಕ್ಕರ್ ಅಂದ್ರೆ ಹಂದಿ. ಆ ದುಂಡು ಮೂತಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. ಮುಂದಿನ ಬಾಗಿಲುಗಳು ಈಗಿನ ಕಾರಿನವಕ್ಕಿಂತ ಉಲ್ಟಾ ತೆರೆಯುತ್ತವೆ, ಚಿಕ್ಕವನಿದ್ದಾಗ ಸುಮ್ನೆ ಅದನ್ನೇ ತೆಗೆದು ಹಾಕಿ ಆಡುತ್ತಿದ್ದೆ.

ಇಂಜಿನ್ ಕೆಲಸ ಅಂದುಕೊಂಡಷ್ಟು ಕಾಡಲಿಲ್ಲ. 1089 ಸಿಸಿ ಇಂಜಿನ್, ಆಮೇಲೆ ಬಂದ ಪ್ರೀಮಿಯರ್ ಪದ್ಮಿನಿ ಕಾರಿನದೂ ಇದೇ ವಂಶ, ಹಾಗಾಗಿ ಅದರ ಎಷ್ಟೋ ಸಾಮಾನು ಇದಕ್ಕೂ ನಡೆಯುತ್ತೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳಿದ್ದಷ್ಟು ದಿನ ಅದರ ಸಾಮಾನಿಗೆ ಬರ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಅವೂ ರಸ್ತೆ ಬಿಟ್ಟವು. ನಾನು ಕುರ್ಲಾದ ಹಳೇ ಅಂಗಡಿಗಳಲ್ಲಿ ಎರಡು ದಿನ ಅಲೆದು ಬ್ರೇಕಿನ ರಬ್ಬರ್ ಕಿಟ್, ವಾಟರ್ ಪಂಪ್ ತಂದೆ. ಈ ಫಿಯಾಟ್, ಪದ್ಮಿನಿ ಎರಡನ್ನೂ ತಯಾರಿಸುತ್ತಿದ್ದ ಪ್ರೀಮಿಯರ್ ಕಾರ್ಖಾನೆ ಇದ್ದದ್ದೂ ಕುರ್ಲಾದಲ್ಲೇ. ಒಂಥರಾ ಕಾರಿಗೆ ತವರಿನ ಉಡುಗೊರೆ ತಂದಂಗಾಯ್ತು.

ಕಾಡಿದ್ದು ಬಾಗಿಲ ಹಿಡಿಕೆ. ಬಾಡಿ ಸಾಮಾನಿಗೆ ಪದ್ಮಿನಿ ನೆರವಾಗಲ್ಲ. ನಮ್ಮ ಹಿಡಿಕೆ ಸತುವಿನ ಮಿಶ್ರಲೋಹದ್ದು, ವಯಸ್ಸಾದಂತೆ ಕ್ರೋಮ್ ಕೆಳಗೆ ಗುಳ್ಳೆ ಎದ್ದು, ಒಂದು ದಿನ ಕೈಯಲ್ಲೇ ಮುರಿಯಿತು. ಫೋನಿನಲ್ಲಿ ಫೋಟೋ ತೋರಿಸಿ ದುಡ್ಡು ಹಾಕಿಸಿಕೊಂಡ ಒಬ್ಬ ಪದ್ಮಿನಿ ಹಿಡಿಕೆ ಕಳಿಸಿದ. ತುಂಬಾ ಸಿಟ್ಟು ಬಂತು.

ಆಮೇಲೆ ಹೊಳೆಯಿತು, ನಮ್ಮೂರೇ ಲೋಹ ಎರಕ ಹೊಯ್ಯುವ ಫೌಂಡ್ರಿಗಳ ಊರು ಅಲ್ವಾ! ಮುರಿದ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಫೌಂಡ್ರಿಗಳಿರುವ ಉದ್ಯಮಬಾಗಿಗೆ ಹೋದೆ. ನಾಲ್ಕು ಕಡೆ ಒಂದೇ ಪೀಸು ಅಂದ ಕೂಡಲೇ ಆಗಲ್ಲ ಅಂದರು. ಐದನೇ ಕಡೆ, ಮರಳಲ್ಲಿ ಒತ್ತಿ ಎರಕದ ಅಚ್ಚು ತೆಗೆಯೋಕೆ ಬೇಕಾದ ಕಟ್ಟಿಗೆ ಮಾದರಿ (ಪ್ಯಾಟರ್ನ್) ಮಾಡುವ ಕಾಕಾ ಒಬ್ಬರು ತುಂಡುಗಳನ್ನು ಜೋಡಿಸಿ, ಬೆರಳಿಂದ ಸವರಿ ನೋಡಿದರು.

"ಇದನ್ನ ಹಾಂಗ ಮಣ್ಣಾಗ ಒತ್ತಿದ್ರ ನಡಿಯಾಂಗಿಲ್ಲ ತಮ್ಮಾ. ಹಿತ್ತಾಳಿ ಆರಿದ ಮ್ಯಾಲ ಕುಗ್ಗತೈತಿ" ಅಂದರು.

ಅವರ ಹತ್ತಿರ ಒಂದು ಸ್ಟೀಲ್ ಅಳತೆಪಟ್ಟಿ ಇತ್ತು. ಅದನ್ನು ನನ್ನ ಪಟ್ಟಿಯ ಪಕ್ಕ ಇಟ್ಟು ತೋರಿಸಿದರು. ಅವರ ಪಟ್ಟಿಯ ಒಂದೊಂದು ಸೆಂಟಿಮೀಟರೂ ನನ್ನದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಉದ್ದ! ಕುಗ್ಗುವ ಲೆಕ್ಕ ಪಟ್ಟಿಯಲ್ಲೇ ಸೇರಿರುತ್ತೆ. ಹನ್ನೆರಡು ಸೆಂಟಿಮೀಟರ್ ಹಿಡಿಕೆಗೆ ಸುಮಾರು ಎರಡು ಮಿಲಿಮೀಟರ್ ಜಾಸ್ತಿ. ಪ್ಯಾಟರ್ನನ್ನು ಸಾಗವಾನಿಯಲ್ಲಿ ಎರಡು ಹೋಳಾಗಿ ಕೆತ್ತಿದರು, ಮರಳಿನಿಂದ ಸಲೀಸಾಗಿ ಕಿತ್ತುಬರಲಿ ಅಂತ ಅಂಚನ್ನು ಚೂರು ಓರೆ ಮಾಡಿದರು. ಇಷ್ಟು ನಾಜೂಕಿನ ಕೆಲಸ ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಮೊದಲ ಎರಕದಲ್ಲಿ ಗಾಳಿ ಸೇರಿ ತೂತು ಬಿತ್ತು. ಎರಡನೆಯದು ಸರಿಯಾಯ್ತು. ಪಾಲಿಶ್ ಮಾಡಿ ತಾಮ್ರ, ನಿಕ್ಕಲ್, ಆಮೇಲೆ ಕ್ರೋಮ್ ಏರಿಸಿದ್ದಾಯಿತು. ಹೋದ ಭಾನುವಾರ ಕೂರಿಸಿದೆ. ಅವ್ವ ಬಂದು ಬಾಗಿಲು ತೆಗೆದು, ಮತ್ತೆ ಹಾಕಿ, ಮತ್ತೊಮ್ಮೆ ತೆಗೆದರು.

ಹಿಂದಿನ ಎಡಬಾಗಿಲಲ್ಲಿ ಗಾಜು ಏರಿಸುವ ಹ್ಯಾಂಡಲ್ ಇನ್ನೂ ಸಿಕ್ಕಿಲ್ಲ. ಮುರಿದದ್ದಾದರೂ ಪರವಾಗಿಲ್ಲ, ಯಾರ ಅಟ್ಟದ ಮೇಲಾದರೂ ಇದ್ದರೆ ಹೇಳಿ. ಕಾಕಾಗೆ ಅಳತೆಗೆ ಒಂದು ಮಾದರಿ ಸಿಕ್ಕರೆ ಸಾಕು.