ಬಿರುಕು ಯಾರದು?

ಅಕ್ಟೋಬರ್ 7, 2025, ಮಂಗಳವಾರ

ಸಾಣೆ ಹಿಡಿಯುವ ಮೇಸ್ತ್ರಿ ಇವತ್ತು ಸಂಜೆ ಟೀಗೆ ಬರಲಿಲ್ಲ. ಸಿಟ್ಟು ನನ್ನ ಮೇಲೋ, ಬಿಸಿ ತೋರಿಸುವ ನನ್ನ ಕ್ಯಾಮೆರಾ ಮೇಲೋ ಗೊತ್ತಾಗಲಿಲ್ಲ.

ಬೆಳಿಗ್ಗೆಯಿಂದ ಕಾರ್ಬೈಡ್ (ತುಂಬಾ ಗಟ್ಟಿ, ಆದರೆ ಬೇಗ ಸೀಳುವ ವಸ್ತು) ಡ್ರಿಲ್ ಬಿಟ್‌ಗಳದ್ದೇ ಕೆಲಸ, ಬಿರುಕು ಇದೆಯಾ ಅಂತ ನೋಡುವುದು. ಸಾಣೆ ಹಿಡಿದು ಬಂದ ಬಿಟ್‌ಗಳ ಟ್ರೇ ನನ್ನ ಟೇಬಲ್ ಮೇಲಿತ್ತು. ಒಂದೊಂದನ್ನೇ ಇಂಡಕ್ಷನ್ ಕಾಯಿಲ್ ಒಳಗೆ ನಿಲ್ಲಿಸಿ, ಅರ್ಧ ಸೆಕೆಂಡಿಗಿಂತ ಕಡಿಮೆ ಹೊತ್ತು ಕರೆಂಟ್ ಕೊಡಬೇಕು. ಕಾಯಿಲ್ ಬಿಟ್‌ಗೆ ತಾಗುವುದೇ ಇಲ್ಲ, ಆದರೂ ಬಿಟ್‌ನ ಮೈಯಲ್ಲಿ ಕರೆಂಟ್ ಸುತ್ತುತ್ತದೆ. ದಾರಿಯಲ್ಲಿ ಬಿರುಕು ಸಿಕ್ಕರೆ ದಾಟಲು ಆಗದೆ ಬಳಸಿಕೊಂಡು ಹೋಗುತ್ತದೆ. ಆಗ ಬಿರುಕಿನ ತುದಿಗಳಲ್ಲಿ ಗೊರಗುಂಟೆಪಾಳ್ಯ ಸಿಗ್ನಲ್ ಥರ ನೂಕುನುಗ್ಗಲು. ಅಲ್ಲಿ ಬಿಸಿ ಜಾಸ್ತಿ, ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ತಡವಾದರೂ ಬಿಸಿ ಸುತ್ತಲೂ ಹರಡಿ ಎಲ್ಲ ಒಂದೇ ಆಗಿಬಿಡುತ್ತದೆ.

ಮಧ್ಯೆ ಒಂದು ತಮಾಷೆ. ಹೆಲ್ಪರ್ ಹುಡುಗ "ಮೇಡಂ, ದೊಡ್ಡ ಕ್ರ್ಯಾಕ್!" ಅಂತ ಕೂಗಿದ. ನೋಡಿದರೆ ಶ್ಯಾಂಕ್ (ಬಿಟ್‌ನ ಹಿಡಿ ಭಾಗ) ಮೇಲೆ ದುಂಡಗೆ ಒಂದು ಬಿಳಿ ಚುಕ್ಕೆ. ಬಿರುಕು ಎಲ್ಲಾದರೂ ದುಂಡಗಿರುತ್ತದಾ? ಹೊರಗೆ ತೆಗೆದರೆ ಆಯುಧ ಪೂಜೆಯ ಕುಂಕುಮ! ಹೊಳೆಯುವ ಲೋಹ ತನ್ನ ಬಿಸಿಯನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ. ಅದರ ಎಮಿಸಿವಿಟಿ, ಅಂದರೆ ಬಿಸಿ ಹೊರಗೆ ಬಿಡುವ ಅಳತೆ, 0.1ರ ಆಸುಪಾಸು, ಕಪ್ಪು ಮ್ಯಾಟ್ ಬಣ್ಣದ್ದು 0.95ರ ಹತ್ತಿರ. ಕುಂಕುಮವೂ ಒರಟು ಪುಡಿ, ಅದಕ್ಕೇ ಅಷ್ಟು ಮಿಂಚಿದ್ದು. ಬಣ್ಣ ಬಳಿಯದ ಬಿಟ್‌ನಲ್ಲಿ ನನ್ನ ಕೈಯ ಬಿಸಿಯೇ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಕುಂಕುಮ ಒರೆಸುವಾಗ ಹುಡುಗ ಬಿಟ್ ಅನ್ನು ಕಣ್ಣಿಗೆ ಒತ್ತಿಕೊಂಡ. ಎಲ್ಲರೂ ನಕ್ಕೆವು.

ಆಮೇಲೆ ಸಿಕ್ಕಿದ್ದು ಕುಂಕುಮ ಅಲ್ಲ. ಕತ್ತರಿಸುವ ಅಂಚಿನ ಹಿಂದೆ, ಕೂದಲಿನಷ್ಟು ಸಣ್ಣ ಗೆರೆಗಳು. ಎಲ್ಲವೂ ಸಾಣೆ ಗೀರುಗಳಿಗೆ ಅಡ್ಡಡ್ಡ. ಮೇಸ್ತ್ರಿ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತೇ ಆಗಲಿಲ್ಲ.

"ಇದು ಗಿರಾಕಿ ಕೈಲಿ ಬಿದ್ದಿದ್ದೋ, ನನ್ನ ಕೈಲಿ ಬಿದ್ದಿದ್ದೋ? ಅದನ್ನೂ ಹೇಳುತ್ತದೇನಮ್ಮಾ ನಿನ್ನ ಕ್ಯಾಮೆರಾ?"

ಅವರು ನನ್ನನ್ನು ಯಾವಾಗಲೂ ಮೇಡಂ ಅನ್ನುತ್ತಾರೆ. ಸಿಟ್ಟು ಬಂದಾಗ ಮಾತ್ರ ಅಮ್ಮ.

"ಅಡ್ಡ ಇದೆಯಲ್ಲಣ್ಣ," ಅಂದೆ. ಅಷ್ಟು ಸಾಕಾಯಿತು. ಅಡ್ಡ ಬಿರುಕು ಅಂದರೆ ಹೆಚ್ಚಾಗಿ ಗ್ರೈಂಡಿಂಗ್‌ನದ್ದು, ಅಂದರೆ ಸಾಣೆಯದ್ದು, ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

"ಕಾರ್ಬೈಡ್‌ಗೆ ಕೂಲೆಂಟ್ ಕೊಟ್ಟರೆ ಹೊಳೆ ಹರಿದ ಹಾಗೆ ಕೊಡಬೇಕು. ಇಲ್ಲಾಂದ್ರೆ ಒಣಗಲೇ ಉಜ್ಜಬೇಕು. ಮಧ್ಯೆ ಮಧ್ಯೆ ಚಿಮುಕಿಸಿದ್ರೆ ಸೀಳದೆ ಇನ್ನೇನು ಮಾಡುತ್ತೆ? ಆ ಪಂಪು ನೋಡು ಬಾ."

ಹೋಗಿ ನೋಡಿದೆ. ಕೂಲೆಂಟ್ ಅಂದರೆ ಬಿಟ್ ತಣ್ಣಗಿಡಲು ಪಂಪು ಸುರಿಯುವ ದ್ರವ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಾಣೆ ವೀಲ್ ತಾಗಿದ ಕಡೆ ಬಿಟ್‌ನ ಮೇಲ್ಮೈ ಚೆನ್ನಾಗಿ ಕಾಯುತ್ತದೆ, ಅಷ್ಟರಲ್ಲಿ ತಣ್ಣನೆಯ ಕೂಲೆಂಟ್ ಬೀಳುತ್ತದೆ. ಮೇಲಿನ ಪದರ ಕುಗ್ಗಲು ಹೋದರೆ ಒಳಗಿನದು ಬಿಡುವುದಿಲ್ಲ. ಸ್ಟೀಲ್ ಆಗಿದ್ದರೆ ಸ್ವಲ್ಪ ಬಗ್ಗುತ್ತಿತ್ತೋ ಏನೋ, ಕಾರ್ಬೈಡ್‌ಗೆ ಬಗ್ಗಿ ಅಭ್ಯಾಸವಿಲ್ಲ. ಪಂಪಿನ ವಿಷಯ ಮೇಸ್ತ್ರಿ ಯುಗಾದಿಯಿಂದ ಹೇಳುತ್ತಲೇ ಇದ್ದಾರಂತೆ. ಸಾರ್ ಕೂಡ "ಮಾಡಿಸೋಣ ಮಾಡಿಸೋಣ" ಅನ್ನುತ್ತಲೇ ಇದ್ದಾರೆ. ಕ್ಯಾಮೆರಾಗೆ ದುಡ್ಡು ಹೊಂದಿತು, ಪಂಪಿಗೆ ಹೊಂದಲಿಲ್ಲ. ನನಗೆ ಉರಿದಿದ್ದು ಇದಕ್ಕೇ.

"ಫೋಟೋದಲ್ಲಿ ಪಂಪು ಬರಲ್ಲ ಅಲ್ವಾ?" ಅಂದರು ಮೇಸ್ತ್ರಿ. ನಾನು ಸುಮ್ನೆ ನಿಂತಿದ್ದೆ. "ನಂದು ಮಾತ್ರ ಬರುತ್ತೆ" ಅಂದು ಮೆಷಿನ್ ಆನ್ ಮಾಡಿದರು.

ಪೀಣ್ಯದಲ್ಲಿ ಮೆಟ್ರೋ ಹತ್ತಿದಾಗ ಮಳೆ ಶುರುವಾಗಿತ್ತು. ಮನೆಗೆ ಬಂದರೆ ಅಮ್ಮ ಬಿಸಿಬೇಳೆ ಬಾತ್ ಮಾಡಿಟ್ಟು ಪಕ್ಕದ ಮನೆಗೆ ಹೋಗಿದ್ದಳು. ಎರಡು ಸಲ ಬಡಿಸಿಕೊಂಡೆ. ರುಚಿ ಹೇಗಿತ್ತು ಅಂತ ಈಗ ಕೇಳಿದರೆ ಗೊತ್ತಿಲ್ಲ.

ರಿಪೋರ್ಟ್ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಇದೆ. ಜಾಗ, ಉದ್ದ, ದಿಕ್ಕು ಎಲ್ಲ ತುಂಬಿದ್ದೇನೆ. "ಕಾರಣ" ಅನ್ನುವ ಕಾಲಂ ಖಾಲಿ. ಗ್ರೈಂಡಿಂಗ್ ಅಂತ ಬರೆದರೆ ಸುಳ್ಳಲ್ಲ. ಆದರೆ ಆ ಪದ ಓದಿದವರು ಪಂಪನ್ನು ನೋಡಲು ಹೋಗುವುದಿಲ್ಲ, ಮೇಸ್ತ್ರಿಯನ್ನು ಕರೆಸುತ್ತಾರೆ. ಕೂಲೆಂಟ್ ಸರಬರಾಜು ಅಂತ ಬರೆದರೆ ಸಾರ್ ನನ್ನನ್ನು ಕರೆಸುತ್ತಾರೆ. ಕರೆಸಲಿ.

ನಾಳೆಯಿಂದ ಸಾಣೆಗೆ ಮುಂಚೆಯೇ ಒಂದು ಫೋಟೋ ತೆಗೆಯಬೇಕು, ಗಿರಾಕಿಯ ಬಿರುಕು ಯಾವುದು ನಮ್ಮದು ಯಾವುದು ಅಂತಾದರೂ ಬೇರೆಯಾಗುತ್ತದೆ. ಮೇಸ್ತ್ರಿಗೆ ಒಳ್ಳೆಯದೇ ಅಂದುಕೊಂಡು ಈಗಷ್ಟೇ ಹೆಲ್ಪರ್ ಹುಡುಗನಿಗೆ ಮೆಸೇಜ್ ಕಳಿಸಿದೆ. ಕಳಿಸಿದ ಮೇಲೆ ಅನಿಸುತ್ತಿದೆ, ಬಂದಾಗ ಎಲ್ಲ ಬಿಟ್‌ಗಳೂ ಸರಿಯಾಗೇ ಇದ್ದವು ಅಂತ ಆ ಫೋಟೋದಲ್ಲಿ ಬಂದರೆ, ಪಂಪು ರಿಪೇರಿ ಆಗುವ ಮುಂಚೆ ಮೇಸ್ತ್ರಿಯನ್ನೇ ಕರೆಸುತ್ತಾರೇನೋ.