ನಿಕ್ಕಲ್ ಇರೋದು ಮೂರು ತಂತಿಯಲ್ಲಿ ಮಾತ್ರ

ಮೊದಲ ಎಲೆಕ್ಟ್ರಿಕ್ ಗಿಟಾರ್ ತಗೊಂಡ ವರ್ಷವೇ ನನ್ನ ಮೂರನೇ ತಂತಿ ಕಡಿದುಹೋಯಿತು. ಆಗ ಇದ್ದದ್ದು ಕುಂದಾಪುರದ ಹತ್ತಿರದ ನಮ್ಮ ಊರಲ್ಲಿ. ಅಂಗಡಿಯಲ್ಲಿ ಕೇಳಿದಾಗ ಒಂದು ಸೆಟ್ ಕೊಟ್ಟರು. ಬಂಗಾರದ ಬಣ್ಣದ ತಂತಿ, ನೋಡೋಕೆ ಬಹಳ ಚೆಂದ. ಮನೆಗೆ ಬಂದು ಆರೂ ತಂತಿ ಹಾಕಿ, ಶ್ರುತಿ ಮಾಡಿ, ಆ್ಯಂಪ್ ಆನ್ ಮಾಡಿದೆ. ಮೊದಲ ಎರಡು ತಂತಿ, ಅಂದರೆ ಎಲ್ಲಕ್ಕಿಂತ ಸಣ್ಣವು, ಕಿವಿಗೆ ಹೊಡೆಯುವಷ್ಟು ಜೋರು, ಉಳಿದ ನಾಲ್ಕು ಪಕ್ಕದ ಮನೆಯಲ್ಲಿ ಯಾರೋ ನುಡಿಸಿದ ಹಾಗೆ ಮೆಲ್ಲಗೆ. ಪಿಕಪ್ ಕೆಟ್ಟಿತು ಅಂತಲೇ ಅಂದುಕೊಂಡೆ, ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಪಿಕಪ್‌ಗೆ ಏನೂ ಆಗಿರಲಿಲ್ಲ. ಅದು ಅಕೂಸ್ಟಿಕ್ ಗಿಟಾರಿಗೆ ಹಾಕುವ ಫಾಸ್ಫರ್ ಬ್ರಾಂಜ್ ಸೆಟ್ ಆಗಿತ್ತು.

ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಕೆಲವು ಸಾವಿರ ಸುತ್ತು. ಮೇಲಿರುವ ಸ್ಟ್ರಿಂಗ್ ಆ ಅಯಸ್ಕಾಂತದಿಂದಾಗಿ ತಾನೂ ಸ್ವಲ್ಪ ಅಯಸ್ಕಾಂತ ಆಗಿರುತ್ತದೆ. ಅದು ಅಲುಗಾಡಿದಾಗ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಪಿಕಪ್ ಗಾಳಿಯಲ್ಲಿರುವ ಸದ್ದನ್ನು ಕೇಳಿಸಿಕೊಳ್ಳುವುದಿಲ್ಲ, ಲೋಹ ಅಲುಗಾಡುವುದನ್ನು ಮಾತ್ರ ಗಮನಿಸುತ್ತದೆ, ಅದೂ ಅಯಸ್ಕಾಂತಕ್ಕೆ ಅಂಟುವ ಲೋಹ ಆಗಿರಬೇಕು. ಬ್ರಾಂಜ್ ಅಂದರೆ ಹೆಚ್ಚಾಗಿ ತಾಮ್ರ, ಜೊತೆಗೆ ತವರ. ಅದು ಪಿಕಪ್ ಪಾಲಿಗೆ ಇಲ್ಲವೇ ಇಲ್ಲ. ದಪ್ಪ ತಂತಿಗಳಲ್ಲಿ ಸ್ಟೀಲ್ ಎಳೆಯ ಮೇಲೆ ಇನ್ನೊಂದು ತಂತಿ ಸುತ್ತಿರುತ್ತಾರೆ. ಹಾಗೆ ಹೊರಗೆ ಸುತ್ತಿದ ಬ್ರಾಂಜ್ ಎಷ್ಟು ದಪ್ಪ ಇದ್ದರೂ, ಒಳಗಿನ ಸಣ್ಣ ಸ್ಟೀಲ್ ಎಳೆ ಎಷ್ಟು ಕೊಡುತ್ತದೋ ಅಷ್ಟೇ ಸದ್ದು. ಅಕೂಸ್ಟಿಕ್ ಸೆಟ್‌ನಲ್ಲಿ ಮೂರನೇ ತಂತಿಗೂ ಸುತ್ತು ಇರುತ್ತದೆ, ಹಾಗಾಗಿ ನನಗೆ ನಾಲ್ಕು ತಂತಿ ಮೆಲ್ಲಗೆ ಕೇಳಿಸಿದ್ದು.

ಇದನ್ನು ಅತ್ತೆಗೆ ಹೇಳಿದಾಗ, ಅವರು ವೀಣೆ ನುಡಿಸುತ್ತಾರೆ, ತಕ್ಷಣ ಕೇಳಿದರು: "ನಮ್ಮ ವೀಣೆಯಲ್ಲಿ ಹಿತ್ತಾಳೆ ತಂತಿ ಇರುತ್ತದಲ್ಲ ಮಗಾ, ಅದು ಚೆನ್ನಾಗೇ ಕೇಳಿಸುತ್ತಲ್ವಾ?" ತುಂಬ ಒಳ್ಳೆ ಪ್ರಶ್ನೆ. ವೀಣೆಯ ತಂತಿ ತನ್ನ ಅಲುಗಾಟವನ್ನು ಕುದುರೆಗೆ (ತಂತಿ ಕೂರುವ ಸೇತುವೆ) ಕೊಡುತ್ತದೆ, ಕುದುರೆ ಕೊಡಕ್ಕೆ ಕೊಡುತ್ತದೆ, ಮರ ಗಾಳಿಯನ್ನು ಅಲುಗಿಸುತ್ತದೆ. ಅಲ್ಲಿ ಹಿತ್ತಾಳೆಯ ತೂಕ, ಮೆದುತನ ಎಲ್ಲ ಲೆಕ್ಕಕ್ಕೆ ಬರುತ್ತದೆ, ಅಯಸ್ಕಾಂತದ ಮಾತೇ ಇಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತೂಕ, ಬಿಗಿತದ ಜೊತೆ ಈ ಇನ್ನೊಂದು ಗುಣವೂ ಸೇರಿಕೊಳ್ಳುತ್ತದೆ.

ಈಗ ನಾನು ಬಹಳ ದಿನದಿಂದ ಹೇಳಬೇಕು ಅಂದುಕೊಂಡ ವಿಷಯ. ಪ್ಯಾಕೆಟ್ ಮೇಲೆ ಪ್ಯೂರ್ ನಿಕ್ಕಲ್ ಅಂತಲೋ ಸ್ಟೇನ್‌ಲೆಸ್ ಸ್ಟೀಲ್ ಅಂತಲೋ ಬರೆದಿರುತ್ತದಲ್ಲ, ಅದು ಸಾಮಾನ್ಯವಾಗಿ ಕೆಳಗಿನ ಸ್ಥಾಯಿಯ ಮೂರು ದಪ್ಪ ತಂತಿಗೆ ಮಾತ್ರ. ಮೇಲಿನ ಸ್ಥಾಯಿಯ ಮೂರು ತಂತಿಗೆ ಸುತ್ತೇ ಇಲ್ಲ, ಅವು ತವರದ ಲೇಪ ಇರುವ ಹೈ ಕಾರ್ಬನ್ ಸ್ಟೀಲ್, ಯಾವ ಪ್ಯಾಕೆಟ್ ತೆರೆದರೂ ಹೆಚ್ಚುಕಡಿಮೆ ಅದೇ. ಹನ್ನೆರಡನೇ ಫ್ರೆಟ್ (ಗಿಟಾರಿನ ಕತ್ತಿಗೆ ಅಡ್ಡ ಇರುವ ಲೋಹದ ಪಟ್ಟಿ) ಮೇಲೆ ಮೊದಲ ತಂತಿ ಎಳೆದು ಸೋಲೋ ನುಡಿಸುವವರು ನಿಕ್ಕಲ್ ಸೆಟ್ ಹಾಕಿದ್ದಕ್ಕೆ ಸೋಲೋ ಮೆತ್ತಗಾಯಿತು ಅಂದರೆ ನನಗೆ ಒಪ್ಪೋದು ಕಷ್ಟ. ಅಲ್ಲಿ ನಿಕ್ಕಲ್ ಇಲ್ಲ.

ದಪ್ಪ ತಂತಿಗಳ ಕಥೆ ಬೇರೆ, ಅಲ್ಲಿ ವ್ಯತ್ಯಾಸ ನಿಜವಾಗಿಯೂ ಇದೆ. ಒಳಗೆ ಸ್ಟೀಲ್ ಎಳೆ, ಮೇಲೆ ಸುತ್ತು. ಇವತ್ತು ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗುವುದು ನಿಕ್ಕಲ್ ಪ್ಲೇಟೆಡ್, ಅಂದರೆ ಸುತ್ತು ಕೂಡ ಸ್ಟೀಲೇ, ಮೇಲೆ ತೆಳುವಾಗಿ ನಿಕ್ಕಲ್ ಲೇಪ. 1950, 60ರ ದಶಕಗಳಲ್ಲಿ ಹೀಗಿರಲಿಲ್ಲ, ಸುತ್ತು ಪೂರ್ತಿ ನಿಕ್ಕಲ್ ಇರುತ್ತಿತ್ತು. 1970ರ ಆಸುಪಾಸಿನಲ್ಲಿ ನಿಕ್ಕಲ್ ದುಬಾರಿ ಆಗಿ ಲೇಪದ ತಂತಿ ಬಂತು, ಹಾಗೇ ಉಳಿದುಕೊಂಡಿತು. ಹಳೆ ಬ್ಲೂಸ್, ಹಳೆ ರಾಕ್ ರೆಕಾರ್ಡಿಂಗ್‌ಗಳ ದನಿ ಬೇಕು ಅನ್ನುವವರು ಮತ್ತೆ ಪ್ಯೂರ್ ನಿಕ್ಕಲ್ ಹುಡುಕಿಕೊಂಡು ಹೋಗೋದು ಅದಕ್ಕೇ. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಆದರೆ ಕಬ್ಬಿಣದಷ್ಟು ಅಲ್ಲ. ಕಬ್ಬಿಣವನ್ನು ಹೆಚ್ಚೆಂದರೆ 2.1 ಟೆಸ್ಲಾದಷ್ಟು ಅಯಸ್ಕಾಂತ ಮಾಡಬಹುದಾದರೆ ನಿಕ್ಕಲ್ ಸುಮಾರು 0.6ಕ್ಕೇ ನಿಂತುಬಿಡುತ್ತದೆ. ಹಾಗಾಗಿ ಪ್ಯೂರ್ ನಿಕ್ಕಲ್ ತಂತಿಯ ಸದ್ದು ಒಂಚೂರು ಕಡಿಮೆ, ಚುರುಕೂ ಕಡಿಮೆ.

ಸ್ಟೇನ್‌ಲೆಸ್ ಸ್ಟೀಲ್ ಇದಕ್ಕೆ ಪೂರ್ತಿ ಉಲ್ಟಾ, ಗಟ್ಟಿ ಮತ್ತು ಚುರುಕು. ಅಡುಗೆಮನೆಯ ಒಳ್ಳೆ ಸ್ಟೀಲ್ ಪಾತ್ರೆಗೆ ಅಯಸ್ಕಾಂತ ಅಂಟಲ್ಲವಲ್ಲ, ಹಾಗಾದರೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ನನಗೂ ಅನುಮಾನ ಇತ್ತು. ಪಾತ್ರೆಯದ್ದು ಸಾಮಾನ್ಯವಾಗಿ 304 ಅನ್ನುವ ಬಗೆ, ನಿಕ್ಕಲ್ ಬೆರೆತದ್ದು, ಅಂಟುವುದಿಲ್ಲ. ತಂತಿಗೆ ಬಳಸುವುದು ಅಂಟುವ ಜಾತಿಯ ಸ್ಟೇನ್‌ಲೆಸ್. ಅದರ ತೊಂದರೆ ಫ್ರೆಟ್‌ಗೆ. ನಮ್ಮ ಫ್ರೆಟ್‌ಗಳು ಹೆಚ್ಚಾಗಿ ನಿಕ್ಕಲ್ ಸಿಲ್ವರ್, ಹೆಸರಲ್ಲಿ ಬೆಳ್ಳಿ ಇದ್ದರೂ ಅದು ತಾಮ್ರ, ಸತು, ನಿಕ್ಕಲ್ ಅಷ್ಟೇ. ಮೆತ್ತಗಿನ ಲೋಹ, ಸ್ಟೇನ್‌ಲೆಸ್ ತಂತಿ ಅದನ್ನು ಬೇಗ ಸವೆಸುತ್ತದೆ.

ಕಳೆದ ಮಳೆಗಾಲದಲ್ಲಿ ಮೂರೂ ಬಗೆಯ ಸೆಟ್ ತಂದು ಕೂತೆ. ಎಲ್ಲವೂ ಒಂದೇ ದಪ್ಪದ್ದು (10-46), ಅದೇ ಗಿಟಾರ್, ಪಿಕಪ್ ಎತ್ತರ ಅಳೆದು ಅಷ್ಟೇ ಇಟ್ಟದ್ದು, ಹಾಕಿ ಒಂದು ದಿನ ಎಳೆದು ಕೂರಲು ಬಿಟ್ಟು, ಮರುದಿನ ಲ್ಯಾಪ್‌ಟಾಪಿಗೆ ನೇರ ರೆಕಾರ್ಡ್. ಆರನೇ ತಂತಿಯನ್ನು ಸುಮ್ನೆ ಒಮ್ಮೆ ಮೀಟಿದರೆ ಸಾಕು, ಸ್ಟೇನ್‌ಲೆಸ್ ಯಾವುದು, ಪ್ಯೂರ್ ನಿಕ್ಕಲ್ ಯಾವುದು ಅಂತ ಗೊತ್ತಾಗುತ್ತದೆ. ಒಂದರಲ್ಲಿ ಪಿಯಾನೋದ ಹಾಗೆ ಝಣ್ ಅನ್ನುವ ಅಂಚು, ಇನ್ನೊಂದರಲ್ಲಿ ಅದೇ ಸ್ವರ ದುಂಡಗೆ. ಪ್ಲೇಟೆಡ್ ಎರಡರ ನಡುವೆ. ಗೆಳೆಯನಿಗೆ ಕಣ್ಣು ಮುಚ್ಚಿಸಿ ಕೇಳಿಸಿದೆ, ದಪ್ಪ ತಂತಿಯಲ್ಲಿ ಮೂರನ್ನೂ ಸರಿಯಾಗಿ ಗುರುತಿಸಿದ. ಸಣ್ಣ ತಂತಿಗಳಿಗೆ ಬಂದಾಗ ಸುಮ್ಮನಾದ, "ಇದರಲ್ಲಿ ಏನೂ ಬದಲಾವಣೆ ಇಲ್ಲ ಮಾರಾಯ" ಅಂದ. ಆಮೇಲೆ ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟು ಮಾಡುವುದು) ಹಾಕಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸಿದೆ, ಆಗ ದಪ್ಪ ತಂತಿಯ ವ್ಯತ್ಯಾಸವೂ ಅರ್ಧ ಮುಚ್ಚಿಹೋಯಿತು. ನನ್ನ ಕಿವಿಗೆ ಇದೆಲ್ಲ ಟೋನ್ ನಾಬ್ ಅನ್ನು 10ರಿಂದ 8ಕ್ಕೆ ತಿರುಗಿಸಿದಷ್ಟು. ಸಣ್ಣದಲ್ಲ, ಆದರೆ ಅದಕ್ಕಾಗಿ ಗಿಟಾರ್ ಬದಲಾಗುವುದೂ ಇಲ್ಲ.

ಮೂರನೇ ತಂತಿಯದ್ದೇ ಒಂದು ಚರಿತ್ರೆ ಇದೆ, ನನಗೆ ಬಹಳ ಇಷ್ಟ ಅದು. 1954ರಲ್ಲಿ ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್ ಗಿಟಾರ್ ಬಂದಾಗ ಮೂರನೇ ತಂತಿಗೂ ಸುತ್ತು ಇರುತ್ತಿತ್ತು. ಅದರ ಸದ್ದು ಕಡಿಮೆ ಆಗಬಾರದು ಅಂತ ಪಿಕಪ್‌ನಲ್ಲಿ ಅದರ ಕೆಳಗಿನ ಅಯಸ್ಕಾಂತದ ಕಡ್ಡಿಯನ್ನು ಎತ್ತರಕ್ಕೆ ಇಟ್ಟರು. ಆಮೇಲೆ ಹುಡುಗರಿಗೆ ತಂತಿ ಎಳೆದು ನುಡಿಸಬೇಕಿತ್ತು, ಸುತ್ತಿನ ತಂತಿ ಎಳೆಯೋಕೆ ಬಿಗಿ. ಕೆಲವರು ಬ್ಯಾಂಜೋ ತಂತಿ ಸೇರಿಸಿಕೊಂಡು ನುಡಿಸಿದರು. 1962ರಲ್ಲಿ ಕ್ಯಾಲಿಫೋರ್ನಿಯಾದ ಎರ್ನಿ ಬಾಲ್ ಸಣ್ಣ ತಂತಿಗಳ ಸ್ಲಿಂಕಿ ಸೆಟ್ ತಂದರು. ನಿಧಾನಕ್ಕೆ ಮೂರನೇ ತಂತಿ ಬರಿಯ ಸ್ಟೀಲ್ ಆಯಿತು, ಕಡ್ಡಿ ಮಾತ್ರ ಹಳೆ ಮಾದರಿಯ ಪಿಕಪ್‌ಗಳಲ್ಲಿ ಈಗಲೂ ಎತ್ತರದಲ್ಲೇ ಇದೆ. ಅಂಥ ಗಿಟಾರಿನಲ್ಲಿ ಮೂರನೇ ತಂತಿ ಬೇರೆ ಎಲ್ಲಕ್ಕಿಂತ ಎದ್ದು ಕೇಳಿಸುತ್ತದೆ. ನಿಮ್ಮದೂ ಹಾಗಿದ್ದರೆ ಕಾರಣ ಇದೇ ಇರಬಹುದು, ಕೈ ಚಳಕದ ತಪ್ಪಲ್ಲ.

ಇನ್ನೊಂದು ಮಾತು. ಯಾರಾದರೂ ಹೊಸ ಸ್ಟೀಲ್ ಸೆಟ್ ಹಾಕಿ "ಅಬ್ಬಾ, ಎಷ್ಟು ಚುರುಕು" ಅಂದರೆ ತೆಗೆದು ಹಾಕಿದ ಸೆಟ್ ಎಷ್ಟು ಹಳೆಯದು ಅಂತ ನಾನು ಮೊದಲು ಕೇಳುತ್ತೇನೆ. ಬೆವರು, ಚರ್ಮದ ಜಿಡ್ಡು, ಧೂಳು ಸುತ್ತಿನ ಸಂದಿಯಲ್ಲಿ ಕೂತರೆ ಯಾವ ಲೋಹವಾದರೂ ಮಂಕಾಗುತ್ತದೆ. ಶ್ರುತಿಯೂ ಫ್ರೆಟ್ಟಿನಿಂದ ಫ್ರೆಟ್ಟಿಗೆ ಅಲುಗುತ್ತದೆ, ಯಾಕೆಂದರೆ ತಂತಿಯ ತೂಕ ಒಂದೇ ಸಮ ಇರುವುದಿಲ್ಲ. ನಿಕ್ಕಲ್ ಮತ್ತು ಸ್ಟೀಲಿನ ನಡುವೆ ಇರುವುದಕ್ಕಿಂತ ಹೊಸ ತಂತಿ, ಎರಡು ತಿಂಗಳ ಹಳೆ ತಂತಿಯ ನಡುವಿನ ಅಂತರ ಜಾಸ್ತಿ. ಕರಾವಳಿಯಲ್ಲಿ ಇದು ಇನ್ನೂ ಬೇಗ. ಬೆಂಗಳೂರಲ್ಲಿ ಆರು ವಾರ ತಡೆಯುವ ಸೆಟ್ ಊರಲ್ಲಿ ಮೇ ತಿಂಗಳಲ್ಲಿ ಎರಡೇ ವಾರಕ್ಕೆ ಕಪ್ಪಾಗಿದೆ, ಅದರಲ್ಲೂ ಸಣ್ಣ ತಂತಿಗಳು, ಅವುಗಳ ತವರ ಲೇಪ ಎದ್ದರೆ ತುಕ್ಕು ತಡವಿಲ್ಲದೆ ಹಿಡಿಯುತ್ತದೆ. ಊರಿಗೆ ಹೋಗುವಾಗ ಈಗ ಪ್ಲಾಸ್ಟಿಕ್ ಲೇಪದ ಸೆಟ್ ಹಾಕಿಕೊಳ್ಳುತ್ತೇನೆ, ಸ್ವಲ್ಪ ಜಾರುತ್ತದೆ, ಪರವಾಗಿಲ್ಲ. ಜೊತೆಗೆ ಗಿಟಾರ್ ಚೀಲದಲ್ಲಿ ಅಪ್ಪನ ಹಳೆ ಪಂಚೆಯ ಒಂದು ತುಂಡು ಇರುತ್ತದೆ. ನುಡಿಸಿ ಆದ ಮೇಲೆ ತಂತಿಯ ಮೇಲೆ ಒರೆಸಿದರೆ ಸಾಲದು, ಬಟ್ಟೆಯನ್ನು ಅಡಿಗೆ ತೂರಿಸಿ ಫ್ರೆಟ್ ಕಡೆಯ ಮೈಯನ್ನೂ ಒರೆಸಬೇಕು, ಬೆವರು ನಿಲ್ಲುವುದು ಅಲ್ಲೇ.