ಎಲ್ಲಿಗೆ ಕೊಡೋಕಪ್ಪಾ ಈ ಸರ್ಟಿಫಿಕೇಟು?

ಮೈಸೂರಿನ ಒಂದು ಡಿಗ್ರಿ ಕಾಲೇಜಿನ ಆಫೀಸಿನಲ್ಲಿ ವಿದ್ಯಾರ್ಥಿಗಳ ಕೌಂಟರ್ ನನ್ನದು. ಅಡ್ಮಿಷನ್, ಪರೀಕ್ಷೆ ಫೀಸು, ಸ್ಕಾಲರ್‌ಶಿಪ್, ಟಿಸಿ, ಮಾರ್ಕ್ಸ್ ಕಾರ್ಡ್ ಎಲ್ಲ ಈ ಕಿಟಕಿಗೇ ಬರುತ್ತವೆ. ಹುಡುಗರಲ್ಲಿ ಸುಮಾರು ಜನ ನಂಜನಗೂಡು, ತಿ. ನರಸೀಪುರ, ಹುಣಸೂರು, ಪಾಂಡವಪುರದ ಕಡೆಯಿಂದ ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವವರು. ಆಫೀಸಿಗೆ ಹೊಸಬರು ಸೇರಿದರೆ ನಾನು ಮೊದಲು ಹೇಳುವ ಮಾತು ಇಷ್ಟೇ: ಬಂದವರನ್ನು "ಯಾವ ಸರ್ಟಿಫಿಕೇಟ್ ಬೇಕು?" ಅಂತ ಕೇಳಬೇಡಿ, "ಎಲ್ಲಿಗೆ ಕೊಡಬೇಕು?" ಅಂತ ಕೇಳಿ.

ಕಾಲೇಜಿನ ಕಾಗದಗಳ ಹೆಸರು ಎಲ್ಲರ ಬಾಯಲ್ಲೂ ಇರುತ್ತೆ. ಯಾವುದು ಯಾವುದಕ್ಕೆ ಅನ್ನುವುದು ಮಾತ್ರ ಆಫೀಸಿನವರಿಗೆ ಗೊತ್ತು. "ಸ್ಟಡಿ ಸರ್ಟಿಫಿಕೇಟ್" ಅನ್ನುವುದನ್ನೇ ತೆಗೆದುಕೊಳ್ಳಿ. ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕುವವನೂ ಅದನ್ನೇ ಕೇಳುತ್ತಾನೆ, ಹಾಸ್ಟೆಲ್ ಸೀಟಿಗೆ ಓಡಾಡುವವಳೂ ಅದನ್ನೇ ಕೇಳುತ್ತಾಳೆ. ಅವರಿಬ್ಬರಿಗೂ ನಾವು ಬರೆದುಕೊಡುವುದು ಸಾಕು. ಈ ಕಾಲೇಜಿನಲ್ಲಿ, ಈ ಕ್ಲಾಸಿನಲ್ಲಿ ಓದುತ್ತಿದ್ದಾರೆ ಅಂತ ಎರಡು ಸಾಲು, ಪ್ರಿನ್ಸಿಪಾಲರ ಸಹಿ, ಸೀಲು. ಐದು ನಿಮಿಷದ ಕೆಲಸ.

ಪಾಸಾಗಿ ಹೋದ ಹುಡುಗನೊಬ್ಬ ಒಂದು ದಿನ ಬಂದ.

"ಮೇಡಂ, ಸ್ಟಡಿ ಸರ್ಟಿಫಿಕೇಟ್ ಬೇಕಿತ್ತು."

"ಎಲ್ಲಿಗಪ್ಪಾ?"

"ಕೆಪಿಎಸ್‌ಸಿ ಎಕ್ಸಾಮ್‌ಗೆ ಮೇಡಂ. ಕನ್ನಡ ಮೀಡಿಯಂದು, ರೂರಲ್ದು ಎರಡೂ ಕೇಳಿದಾರೆ."

ಅವನು ಕೇಳಿದ್ದಕ್ಕೆ ನಾನು ಸುಮ್ನೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟಿದ್ದರೆ ಖುಷಿಯಾಗಿ ಹೋಗುತ್ತಿದ್ದ. ದಾಖಲೆ ಪರಿಶೀಲನೆ ದಿನ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ ನೋಡುವುದು ಒಂದರಿಂದ ಹತ್ತನೇ ಕ್ಲಾಸಿನ ಓದನ್ನು. ಅದನ್ನು ಬರೆದುಕೊಡಬೇಕಾದವರು ಓದಿದ ಸ್ಕೂಲಿನ ಹೆಡ್‌ಮಾಸ್ಟರು, ಮೇಲುಸಹಿ ಹಾಕುವವರು ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಡಿಗ್ರಿ ಕಾಲೇಜಿಗೆ ಅದರಲ್ಲಿ ಜಾಗವೇ ಇಲ್ಲ. ರಾಜ್ಯ ಸರ್ಕಾರಿ ಕೆಲಸಗಳ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ 25%, ಕನ್ನಡ ಮಾಧ್ಯಮದವರಿಗೆ 5% ಇದೆ. ಒಂದು ಕಾಗದ ತಪ್ಪಿದರೆ ಅಷ್ಟೂ ಕೈಬಿಟ್ಟ ಹಾಗೆ.

"ಸ್ಕೂಲು ಎಲ್ಲಿ ಓದಿದ್ದು?" ಅಂದೆ. ಏಳರವರೆಗೆ ಅವರೂರಲ್ಲೇ, ಹೈಸ್ಕೂಲು ಮೂಗೂರಿನಲ್ಲಿ. ಅಂದರೆ ಎರಡು ಸ್ಕೂಲು, ಇಬ್ಬರು ಹೆಡ್‌ಮಾಸ್ಟರು. ಬಿಇಓ ಆಫೀಸು ಮಾತ್ರ ಒಂದೇ, ನರಸೀಪುರದಲ್ಲಿ. ಅಧಿಸೂಚನೆಯ ಕೊನೆಯಲ್ಲಿ ನಮೂನೆ ಇರುತ್ತೆ, ಅದನ್ನೇ ಪ್ರಿಂಟ್ ತೆಗೆದುಕೊಂಡು ಹೋಗು, ಹೆಡ್‌ಮಾಸ್ಟರ ಕೈಯಲ್ಲಿ ಬಿಳಿ ಹಾಳೆ ಮೇಲೆ ಬರೆಸಬೇಡ ಅಂದೆ. "ಹಂಗಾದ್ರೆ ಇಲ್ಲಿ ಏನೂ ಇಲ್ವಾ ಮೇಡಂ?" ಅಂತ ಒಂದು ಥರ ಬೇಜಾರಲ್ಲೇ ಹೋದ. ಬಸ್ ಚಾರ್ಜು ಹಾಕಿಕೊಂಡು ಬಂದಿದ್ದನಲ್ಲ, ಬೇಜಾರಾಗದೆ ಇರುತ್ತಾ?

ಟಿಸಿ ಕಥೆ ಬೇರೆ. ಕಾಲೇಜು ಬಿಡುವಾಗ ಕೊಡುವುದು ಅದು. ಒರಿಜಿನಲ್ ಒಂದೇ. ಕಳೆದರೆ ಡೂಪ್ಲಿಕೇಟಿಗೆ ಅರ್ಜಿ, ಅಫಿಡವಿಟ್ ಅಂತ ಓಡಾಟ. ಅದಕ್ಕೇ "ಟಿಸಿ ಕೊಡಿ" ಅಂದ ಕೂಡಲೇ ನಾನು ಪುಸ್ತಕ ತೆಗೆಯುವುದಿಲ್ಲ. ಬೇರೆ ಯೂನಿವರ್ಸಿಟಿಯಲ್ಲಿ ಪಿಜಿ ಸೇರುವವರಿಗೆ ಟಿಸಿ ಜೊತೆ ಮೈಗ್ರೇಷನ್ ಸರ್ಟಿಫಿಕೇಟೂ ಬೇಕು. ಅದು ಯೂನಿವರ್ಸಿಟಿಯಿಂದ ಬರಬೇಕು, ನಮ್ಮಲ್ಲಿ ಸಿಗಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಮುಂದುವರಿಯುವವರಿಗೆ ಆ ರಗಳೆ ಇಲ್ಲ. ಡಿಗ್ರಿ ಸರ್ಟಿಫಿಕೇಟಿಗಂತೂ ಅದರ ಹೆಸರು ಯಾರೂ ಹೇಳಲ್ಲ. "ಕಾನ್ವೊಕೇಷನ್ ಬಂತಾ ಮೇಡಂ?" ಅಂತಲೇ ಕೇಳುವುದು. ಅದು ಬರುವವರೆಗೆ ಕೆಲಸಕ್ಕೆ ಸೇರುವವರಿಗೆ ತಾತ್ಕಾಲಿಕವಾಗಿ ಪ್ರೊವಿಷನಲ್ ಸರ್ಟಿಫಿಕೇಟ್ ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರಲ್ಲ. ಘಟಿಕೋತ್ಸವಕ್ಕೆ ಕಾದು ಕೂತಿರುತ್ತಾರೆ.

ಇದರ ಜೊತೆಗೆ ಮೈಸೂರಿನದೇ ಒಂದು ತಮಾಷೆ ಇದೆ. "ಗಂಗೋತ್ರಿಗೆ ಹೋಗು" ಅಂತ ಯಾರಿಗೂ ಹೇಳಬಾರದು. ಕುವೆಂಪು ಹೆಸರಿಟ್ಟ ಮಾನಸಗಂಗೋತ್ರಿ ಯೂನಿವರ್ಸಿಟಿಯ ಪಿಜಿ ಕ್ಯಾಂಪಸ್ಸು. ಅದರ ಪಕ್ಕದಲ್ಲೇ ಮುಕ್ತಗಂಗೋತ್ರಿ, ಅದು 1996ರಲ್ಲಿ ಶುರುವಾದ ಮುಕ್ತ ವಿಶ್ವವಿದ್ಯಾನಿಲಯ. ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಇನ್ನೊಂದು ಕಡೆ. ಊರಿಂದ ಬಂದವರು ಆಟೋದವರಿಗೆ ಗಂಗೋತ್ರಿ ಅಂದರೆ ಯಾವ ಗೇಟಿನ ಮುಂದೆ ಇಳಿಯುತ್ತಾರೋ ದೇವರಿಗೇ ಗೊತ್ತು. ನಾನು ಚೀಟಿಯಲ್ಲಿ ಪೂರ್ತಿ ಹೆಸರು, ಯಾವ ವಿಭಾಗ ಅಂತ ಬರೆದೇ ಕಳಿಸುವುದು.

ಅಪ್ಪ-ಅಮ್ಮಂದಿರು ಬಂದರೆ ಕೆಲಸ ಇನ್ನೂ ಜಾಸ್ತಿ. ಅವರ ಕಾಲದಲ್ಲಿ ಫೇಲು ಅಂದರೆ ಫೇಲು. ಮಗಳಿಗೆ ಎರಡು ಪೇಪರು ಪಾಸಾಗದೆ ಬ್ಯಾಕ್ ಉಳಿದಿದೆ ಅಂತ ಗೊತ್ತಾಗಿ ಹುಣಸೂರು ಕಡೆಯ ಯಜಮಾನರೊಬ್ಬರು ಬಂದಿದ್ದರು. "ವರ್ಷ ಹಾಳಾಯ್ತು ಅನ್ನಿ ಅವ್ವಾ, ಮದುವೆ ಮಾಡಿಬುಡ್ತೀನಿ" ಅಂದರು. ಹುಡುಗಿ ಹಿಂದೆ ನಿಂತು ದುಪಟ್ಟಾ ತುದಿ ತಿರುವುತ್ತಿದ್ದಳು. ಸಿಸ್ಟಮ್ಮಿನಲ್ಲಿ ಅವಳ ರಿಸಲ್ಟ್ ತೆಗೆದು ಸ್ಕ್ರೀನು ಅವರ ಕಡೆ ತಿರುಗಿಸಿದೆ. ಪಾಸಾದ ಪೇಪರುಗಳನ್ನು ಒಂದೊಂದಾಗಿ ತೋರಿಸಿದೆ. "ನೋಡಿ ಯಜಮಾನ್ರೇ, ಉಳಿದಿರೋದು ಈ ಎರಡು ಮಾತ್ರ. ಕ್ಲಾಸು ಮುಂದಕ್ಕೆ ಹೋಗುತ್ತೆ. ಈ ಎರಡಕ್ಕೆ ಮತ್ತೆ ಫೀಸು ಕಟ್ಟಿ ಬರೆದರೆ ಆಯ್ತು." ಅವರು ಕೇಳಿದ ಮುಂದಿನ ಪ್ರಶ್ನೆ: "ಫೀಸು ಎಷ್ಟಾಯ್ತದೆ?" ಅಲ್ಲಿಗೆ ಮದುವೆ ಮಾತು ನಿಂತಿತು.

ಅದೇ ಹುಡುಗಿ ಆಮೇಲೆ ಒಬ್ಬಳೇ ಬಂದು "ರೀವ್ಯಾಲ್ಯುಯೇಷನ್‌ಗೆ ಹಾಕ್ಲಾ ಮೇಡಂ?" ಅಂದಳು. ಹುಡುಗರು ಈ ಪದವನ್ನು ಎಲ್ಲದಕ್ಕೂ ಬಳಸುತ್ತಾರೆ. ರೀಟೋಟಲಿಂಗ್ ಅಂದರೆ ಬರೀ ಕೂಡಿಕೆ ನೋಡುವುದು. ಫೋಟೋಕಾಪಿ ಅಂದರೆ ನಿಮ್ಮ ಉತ್ತರಪತ್ರಿಕೆಯ ನಕಲು ನಿಮ್ಮ ಕೈಗೆ ಬರುವುದು. ಉತ್ತರಗಳನ್ನು ಮತ್ತೊಬ್ಬರು ಹೊಸದಾಗಿ ನೋಡುವುದು ರೀವ್ಯಾಲ್ಯುಯೇಷನ್ ಒಂದರಲ್ಲೇ. ಫೀಸು ಬೇರೆ ಬೇರೆ, ಕೊನೆಯ ದಿನಾಂಕ ಮೀರಿದರೆ ಯಾರ ಕಾಲು ಹಿಡಿದರೂ ನಡೆಯಲ್ಲ. ಅವಳಿಗೆ ನಾನು ಕೇಳಿದ್ದು "ಎಷ್ಟು ಮಾರ್ಕ್ಸ್ ಕಮ್ಮಿ ಬಂದಿದೆ? ನೀನು ಎಷ್ಟು ಬರುತ್ತೆ ಅಂದುಕೊಂಡಿದ್ದೆ?" ಅಂತ. ಒಂದರಲ್ಲಿ ಮೂರು ಮಾರ್ಕ್ಸ್ ಕಮ್ಮಿ. ಇನ್ನೊಂದರಲ್ಲಿ ಏನೂ ಬರೆದೇ ಇರಲಿಲ್ಲವಂತೆ. ಹಾಗಾದರೆ ಒಂದಕ್ಕೆ ಮಾತ್ರ ಹಾಕು, ಇನ್ನೊಂದರ ದುಡ್ಡು ಉಳಿಸು ಅಂದೆ.

ಈಗ ಇದಕ್ಕೆಲ್ಲ ಬ್ಯಾಚಿನ ಗೊಂದಲ ಸೇರಿದೆ. 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕು ಓದಿದರೆ ಆನರ್ಸ್ ಅಂತ ಹೇಳಿದ್ದೆವು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಅಣ್ಣ ಓದಿದ ಸಿಲಬಸ್ಸು ತಮ್ಮನಿಗಿಲ್ಲ. ಅಣ್ಣನ ಓಪನ್ ಎಲೆಕ್ಟಿವ್ ಪುಸ್ತಕ ಹಿಡಿದುಕೊಂಡು ತಮ್ಮ ಬರುತ್ತಾನೆ. ನಮ್ಮ ಕೌಂಟರಿಗೂ ಅಷ್ಟೇ. ಎನ್‌ಇಪಿ ಬ್ಯಾಕ್ ಪೇಪರಿನವರಿಗೆ ಹಳೆ ಪೇಪರ್ ಕೋಡು, ಹೊಸಬರಿಗೆ ಹೊಸ ಕೋಡು. ಸಬ್ಜೆಕ್ಟಿನ ಹೆಸರು ಒಂದೇ ಥರ ಇರುತ್ತೆ. ಪರೀಕ್ಷೆ ಅರ್ಜಿಯಲ್ಲಿ ಅದನ್ನೇ ನಂಬಿ ಟಿಕ್ ಮಾಡಿದರೆ ಹಾಲ್ ಟಿಕೆಟ್ಟಿನಲ್ಲಿ ಬೇರೆಯದೇ ಪೇಪರು ಬರಬಹುದು. ಹಾಗಾಗಿ ನಾವೀಗ ಹೆಸರು ಕೇಳುವುದಕ್ಕೆ ಮುಂಚೆ ಸೇರಿದ ವರ್ಷ ಕೇಳುತ್ತೇವೆ, ಆಮೇಲೆ ಹಳೆ ಮಾರ್ಕ್ಸ್ ಕಾರ್ಡ್ ಪಕ್ಕಕ್ಕಿಟ್ಟುಕೊಂಡು ಕೋಡು ತಾಳೆ ನೋಡುತ್ತೇವೆ. ಅರ್ಜಿ ತುಂಬುವ ವಾರದಲ್ಲಿ ಬರುವವರು ದಯವಿಟ್ಟು ಆ ಕಾರ್ಡ್ ತನ್ನಿ. ಮೊಬೈಲಿನಲ್ಲಿರುವ ಫೋಟೋ ಆದರೂ ನಡೆಯುತ್ತೆ, ಕೋಡು ಕಾಣಿಸುವ ಹಾಗೆ ತೆಗೆದಿದ್ದರೆ.